ಡಬ್ಬಿಯ ಮೇಲಿನ ವೇಗ, ಕುಳಿಯೊಳಗಿನ ವೇಗ

ಸಂಡೂರು ಬೆಟ್ಟದ ಅದಿರು ಗಣಿಗಳಿರಲಿ, ಹೊಸಪೇಟೆ, ಕಂಪ್ಲಿ ಸುತ್ತಲಿನ ಕಲ್ಲು ಕ್ವಾರಿಗಳಿರಲಿ, ಗಟ್ಟಿ ಬಂಡೆ ಸಿಡಿಮದ್ದಿಲ್ಲದೆ ಮಣಿಯುವುದಿಲ್ಲ. ಕೊರೆದ ಕುಳಿಗೆ ಮದ್ದು ತುಂಬಿ, ಬಾಯಿಗೆ ಕೊರೆದ ಪುಡಿಯನ್ನೇ ಜಡಿದು, ಸೈರನ್ ಕೂಗಿಸಿ ಸಿಡಿಸುತ್ತಾರೆ. ಕೆಳಗಿನ ಊರಿನಲ್ಲಿ ಗೂಡಿನ ಪಾತ್ರೆಗಳು ಗಲಗಲ ಅಲುಗುತ್ತವೆ. ಆಮೇಲೆ ಮಾತು ಬೆಳೆಯುತ್ತದೆ. ಊರವರು ‘ಜಾಸ್ತಿ ಸ್ಪೀಡಿನ ಮದ್ದು ಇಟ್ಟಿದ್ದಾರೆ’ ಎನ್ನುತ್ತಾರೆ, ಗಣಿ ಕಡೆಯವರು ಕಂಪನಿಯ ಮಾಹಿತಿಪತ್ರ ತೆಗೆದು ತೋರಿಸುತ್ತಾರೆ. ಇಬ್ಬರೂ ಒರಗಿಕೊಳ್ಳುವುದು ಒಂದೇ ಅಂಕಿಗೆ: ಆ ಪತ್ರದಲ್ಲಿ ಅಚ್ಚಾದ ಸ್ಫೋಟವೇಗಕ್ಕೆ.

ಉದ್ದಕ್ಕೆ ತುಂಬಿದ ಮದ್ದು ಒಂದೇ ಗಳಿಗೆಯಲ್ಲಿ ಸಿಡಿಯುವುದಿಲ್ಲ. ಡಿಟೋನೇಟರ್ ಇರುವ ತುದಿಯಿಂದ ಇನ್ನೊಂದು ತುದಿಗೆ ಸ್ಫೋಟ ಓಡುತ್ತದೆ. ಆ ಓಟದ ವೇಗವನ್ನು ಗಣಿಯವರು ವಿಓಡಿ ಎನ್ನುತ್ತಾರೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ರೈಫಲ್ ಗುಂಡು 700ರಿಂದ 900 ಮೀಟರ್. ಗಣಿಯ ಮದ್ದಿನಲ್ಲಿ ಸ್ಫೋಟ ಓಡುವುದು ಸಾಮಾನ್ಯವಾಗಿ 3,000ದಿಂದ 6,000 ಮೀಟರ್ ವೇಗದಲ್ಲಿ. ಎಂಟು ಮೀಟರ್ ಎತ್ತರದ ಮದ್ದಿನ ಕಂಬ 4,000 ಮೀಟರ್ ವೇಗದಲ್ಲಿ ಸಿಡಿದರೆ ಎರಡು ಮಿಲಿಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಇಷ್ಟು ಚುರುಕಾದ ಸಂಗತಿಯ ಬಗ್ಗೆ ಅಂದಾಜಿನ ಮೇಲೆ ವಾದ ನಡೆಯುವುದರಿಂದಲೇ ಇಲ್ಲಿ ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ: ಪೆಟ್ಟಿಗೆಯ ಮೇಲೆ ಅಚ್ಚಾದ ವೇಗವೇ ನಮ್ಮ ಕುಳಿಯಲ್ಲೂ ಬರುತ್ತದೆ

ಅಚ್ಚಾದ ಅಂಕಿ ಸುಳ್ಳಲ್ಲ. ಆದರೆ ಅದು ಒಂದು ನಿರ್ದಿಷ್ಟ ಪರೀಕ್ಷೆಯ ಅಂಕಿ: ಇಷ್ಟು ದಪ್ಪದ ಮದ್ದು, ಬಯಲಿನಲ್ಲಿಯೋ ಕೊಳವೆಯೊಳಗೋ, ಇಂಥ ಬೂಸ್ಟರ್‌ನಿಂದ (ಮದ್ದಿಗೆ ಮೊದಲ ನೂಕು ಕೊಡುವ ಸಿಡಿತದಿಂದ) ಹೊತ್ತಿಸಿದ್ದು. ಇವುಗಳಲ್ಲಿ ಯಾವುದು ಬದಲಾದರೂ ವೇಗ ಬದಲಾಗುತ್ತದೆ.

ದಪ್ಪದ ಪ್ರಭಾವ ಎಲ್ಲಕ್ಕಿಂತ ದೊಡ್ಡದು. ಅಮೋನಿಯಂ ನೈಟ್ರೇಟ್ ಮೂಲದ ಅಗ್ಗದ ಮದ್ದು ಆರು ಅಂಗುಲದ ಕುಳಿಯಲ್ಲಿ ಚೆನ್ನಾಗಿ ಓಡುತ್ತದೆ, ಕಿರಿದಾದ ಕುಳಿಯಲ್ಲಿ ತೊದಲುತ್ತದೆ. ಪ್ರತಿ ಮದ್ದಿಗೂ ಒಂದು ಕನಿಷ್ಠ ದಪ್ಪವಿದೆ. ಅದಕ್ಕಿಂತ ಸಣ್ಣ ಕುಳಿಯಲ್ಲಿ ಸ್ಫೋಟ ನಡುದಾರಿಯಲ್ಲೇ ಸತ್ತುಹೋಗುತ್ತದೆ. ದೊಡ್ಡ ಗಣಿಯ ನಾಲ್ಕರಿಂದ ಆರು ಅಂಗುಲದ ಕುಳಿಗೂ ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಕೊರೆಯುವ ಅಂಗುಲ ಚಿಲ್ಲರೆಯ ಕುಳಿಗೂ ಒಂದೇ ಅಂಕಿ ಹೊಂದುತ್ತದೆ ಎಂದುಕೊಳ್ಳುವುದೇ ತಪ್ಪು.

ಆಮೇಲೆ ನೀರು. ಮಳೆಗಾಲದಲ್ಲಿ ಸಂಡೂರಿನ ಬೆಂಚುಗಳಲ್ಲಿ ಕುಳಿ ಕೊರೆದು ಬಿಟ್ಟರೆ ನೀರು ತುಂಬಿಕೊಳ್ಳುತ್ತದೆ. ಹರಳಿನ ರೂಪದ ಒಣ ಮದ್ದು ನೀರಿಗೆ ಕರಗುತ್ತದೆ, ವೇಗ ಕುಸಿಯುತ್ತದೆ. ಎಮಲ್ಷನ್ ಮದ್ದು ನೀರನ್ನು ತಡೆಯುತ್ತದೆ, ನಿಜ. ಆದರೆ ಅದು ಸಿಡಿಯುವುದು ಒಳಗೆ ಬೆರೆಸಿದ ಸಣ್ಣ ಗುಳ್ಳೆಗಳ ದೆಸೆಯಿಂದ. ಆಳದ ಕುಳಿಯ ತಳದಲ್ಲಿ ಮೇಲಿನ ಭಾರಕ್ಕೆ ಗುಳ್ಳೆಗಳು ಅದುಮಿಹೋದರೆ ಅದೇ ಮದ್ದು ಮಂಕಾಗುತ್ತದೆ. ಒಂದೇ ಕುಳಿಯ ತಳದಲ್ಲಿ ಒಂದು ವೇಗ, ಮೇಲೆ ಇನ್ನೊಂದು ವೇಗ ಇರುವುದು ಅಪರೂಪವೇನಲ್ಲ.

ತಪ್ಪು ಕಲ್ಪನೆ: ಹಾಗಾದರೆ ಕಂಪನಿಗಳು ಯಾವಾಗಲೂ ಹೆಚ್ಚಿಸಿ ಬರೆಯುತ್ತವೆ

ಅಳೆದದ್ದು ಅಚ್ಚಾದದ್ದಕ್ಕಿಂತ ಹೆಚ್ಚು ಬರುವುದೂ ಉಂಟು. ತೆಳು ಕಾಗದದ ಸುತ್ತಿನಲ್ಲಿ ಬಯಲಲ್ಲಿ ಪರೀಕ್ಷಿಸಿದ ಮದ್ದನ್ನು ಗಟ್ಟಿ ಬಂಡೆಯ ಅಗಲ ಕುಳಿಯಲ್ಲಿ ಬಿಗಿಯಾಗಿ ಕೂರಿಸಿದರೆ ಅದು ಪತ್ರದ ಅಂಕಿಯನ್ನು ಮೀರಿ ಓಡುತ್ತದೆ. ಹೆಚ್ಚು ಬಂತೆಂದು ಖರೀದಿದಾರ ಹಿಗ್ಗುವುದೂ ಕಡಿಮೆ ಬಂತೆಂದು ಮೋಸ ಎನ್ನುವುದೂ ಪರೀಕ್ಷೆಯ ಷರತ್ತು ಓದದೆ ಆಡುವ ಮಾತು. ಪತ್ರದಲ್ಲಿ ಷರತ್ತನ್ನೇ ಬರೆಯದಿದ್ದರೆ ಮಾತ್ರ ದೂರು ನ್ಯಾಯವಾದದ್ದು. ಆಗ ಆ ಅಂಕಿಗೆ ಯಾವ ಅರ್ಥವೂ ಇಲ್ಲ.

ತಪ್ಪು ಕಲ್ಪನೆ: ಬಂದೂಕಿನ ತೋಟಾಕ್ಕೆ ಈ ತೊಡಕಿಲ್ಲ, ಕಾರ್ಖಾನೆಯ ಅಂಕಿಯೇ ಖಚಿತ

ಅಲ್ಲೂ ಇದೇ ಕಥೆ. ತೋಟಾದ ಡಬ್ಬಿಯ ಮೇಲಿನ ವೇಗವನ್ನು ಗೊತ್ತುಪಡಿಸಿದ ಉದ್ದದ ಪರೀಕ್ಷಾ ನಳಿಗೆಯಿಂದ ಹಾರಿಸಿ ತೆಗೆದಿರುತ್ತಾರೆ. ರೈಫಲ್ ತೋಟಾಗಳಿಗೆ ಆ ಉದ್ದ ಹೆಚ್ಚಾಗಿ 24 ಅಂಗುಲ. ಮನೆಯಲ್ಲಿರುವ ಬಂದೂಕಿನ ನಳಿಗೆ ಗಿಡ್ಡವಾಗಿದ್ದರೆ ಮದ್ದಿನ ಅನಿಲ ಗುಂಡನ್ನು ತಳ್ಳುವ ದಾರಿಯೂ ಗಿಡ್ಡ, ವೇಗವೂ ಕಡಿಮೆ. ನಳಿಗೆಯ ಸವೆತ, ಹವೆಯ ಶಾಖ, ತೋಟಾದ ಬ್ಯಾಚ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಳೆಯುವ ಕ್ರೋನೋಗ್ರಾಫ್ ಎರಡು ಬೆಳಕಿನ ಪರದೆಗಳ ನಡುವೆ ಗುಂಡು ಹಾಯುವ ಸಮಯವನ್ನು ಹಿಡಿಯುತ್ತದೆ. ಪರದೆಗಳ ನಡುವೆ ಒಂದು ಮೀಟರ್ ಇದೆಯೆಂದುಕೊಂಡು ನಿಜದಲ್ಲಿ ಐದು ಮಿಲಿಮೀಟರ್ ವ್ಯತ್ಯಾಸವಿದ್ದರೆ, 600 ಮೀಟರ್ ವೇಗದ ಗುಂಡಿನ ಲೆಕ್ಕದಲ್ಲಿ ಮೂರು ಮೀಟರ್ ತಪ್ಪುತ್ತದೆ. ಅದೂ ಪರದೆಗಳ ನಡುವಿನ ವೇಗವೇ ಹೊರತು ನಳಿಗೆಯ ಬಾಯಿಯದಲ್ಲ.

ತಪ್ಪು ಕಲ್ಪನೆ: ಗೋದಾಮಿನಲ್ಲಿ ಬೀಗ ಹಾಕಿಟ್ಟ ಮದ್ದು ಇಟ್ಟ ಹಾಗೇ ಇರುತ್ತದೆ

ಇದು ನಮ್ಮ ಸೀಮೆಗೆ ವಿಶೇಷವಾಗಿ ತಾಗುವ ವಿಷಯ. ಅಮೋನಿಯಂ ನೈಟ್ರೇಟ್ ಹರಳಿನ ಒಳರಚನೆ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬದಲಾಗುತ್ತದೆ. ಆ ಗೆರೆ ದಾಟುವಾಗ ಕಾಳು ಹಿಗ್ಗುತ್ತದೆ, ಮತ್ತೆ ಕೆಳಗಿಳಿದಾಗ ಕುಗ್ಗುತ್ತದೆ. ಬಳ್ಳಾರಿ ಬಿಸಿಲು ಹೇಗೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬೇಸಿಗೆ ಪೂರ್ತಿ ಹಗಲು ಆ ಗೆರೆಯ ಮೇಲೆ, ರಾತ್ರಿ ಕೆಳಗೆ. ತಿಂಗಳುಗಟ್ಟಲೆ ಹೀಗೆ ಹಿಗ್ಗಿ ಕುಗ್ಗಿದ ಕಾಳು ಒಡೆದು ಪುಡಿಯಾಗುತ್ತದೆ, ತೇವ ಸೇರಿದರೆ ಹೆಪ್ಪುಗಟ್ಟುತ್ತದೆ. ಪುಡಿಯಾದ ಮದ್ದಿನ ಸಾಂದ್ರತೆ ಬೇರೆ, ಎಣ್ಣೆ ಹೀರುವ ಗುಣ ಬೇರೆ, ಓಡುವ ವೇಗವೂ ಬೇರೆ. ತಂಪು ನಾಡಿನ ಕಾರ್ಖಾನೆಯಲ್ಲಿ ತಾಜಾ ಮಾಲಿನ ಮೇಲೆ ತೆಗೆದ ಅಂಕಿಯನ್ನು ಮೇ ತಿಂಗಳ ಸಂಡೂರಿನ ಗೋದಾಮಿನ ಮಾಲಿಗೆ ಅನ್ವಯಿಸಲು ಬರುವುದಿಲ್ಲ. ಮಾಲು ಬಂದ ತಾರೀಖು ನೋಡಿ ಹಳೆಯದನ್ನು ಮೊದಲು ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿಗೆ ಇದೂ ಒಂದು ಕಾರಣ.

ತಪ್ಪು ಕಲ್ಪನೆ: ಅನುಭವಸ್ಥ ಬ್ಲಾಸ್ಟರ್ ಸದ್ದು ಕೇಳಿಯೇ ವೇಗ ಹೇಳಬಲ್ಲ

ಅನುಭವಸ್ಥರ ಕಿವಿ, ಕಣ್ಣುಗಳ ಬಗ್ಗೆ ನನಗೆ ಗೌರವವಿದೆ. ಬಂಡೆ ಹೇಗೆ ಉಬ್ಬಿತು, ಕಲ್ಲು ಎಷ್ಟು ದೂರ ಹಾರಿತು, ರಾಶಿ ಹೇಗೆ ಬಿತ್ತು ಎಂದು ನೋಡಿ ಅವರು ಬಹಳಷ್ಟನ್ನು ತಿಳಿಯುತ್ತಾರೆ. ಆದರೆ ಎರಡು ಮಿಲಿಸೆಕೆಂಡಿನೊಳಗಿನ ಓಟವನ್ನು ಯಾವ ಇಂದ್ರಿಯವೂ ಹಿಡಿಯದು.

ವೇಗವನ್ನು ಅಳೆಯಲು ಮನುಷ್ಯ ಕಲಿತದ್ದೇ ತಡವಾಗಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವ್ ಡಿ ಫಿಗೇರೆದೊ ಎಂಬ ಪೋರ್ಚುಗೀಸನ ಬಂದೂಕಿನವರು ಕೋಟೆಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಹೊಡೆದರೆಂದು ಅದೇ ನಾಡಿನ ಪ್ರವಾಸಿ ನೂನಿಜ್ ಬರೆದಿದ್ದಾನೆ. ಆ ಗುಂಡು ಎಷ್ಟು ವೇಗದಲ್ಲಿ ಹೋಯಿತೆಂದು ಹೇಳಬಲ್ಲವರು ಹಂಪಿಯಲ್ಲೂ ಇರಲಿಲ್ಲ, ಲಿಸ್ಬನ್‌ನಲ್ಲೂ ಇರಲಿಲ್ಲ. ಎರಡು ಶತಮಾನ ಕಳೆದು, 1742ರಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ತೂಗುಬಿಟ್ಟ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ವೇಗವನ್ನು ಲೆಕ್ಕ ಹಾಕಿದ ವಿಧಾನವನ್ನು ಪ್ರಕಟಿಸಿದ. ಮಸ್ಕೆಟ್ ಗುಂಡು ಸೆಕೆಂಡಿಗೆ ಸುಮಾರು 500 ಮೀಟರ್ ಹೋಗುತ್ತದೆಂದೂ ಗಾಳಿ ಅದನ್ನು ತಡೆಯುವುದು ಅಂದಿನವರು ನಂಬಿದ್ದಕ್ಕಿಂತ ಎಷ್ಟೋ ಹೆಚ್ಚೆಂದೂ ತಿಳಿಯಿತು. ಅದುವರೆಗಿನ ಫಿರಂಗಿ ಪಟ್ಟಿಗಳೆಲ್ಲ ಒಂದೇ ಏಟಿಗೆ ಹಳತಾದವು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಬಂದ ರಾಬಿನ್ಸ್ 1751ರಲ್ಲಿ ನಮ್ಮ ದಕ್ಷಿಣದಲ್ಲೇ, ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಸಿಡಿಮದ್ದಿನ ಒಳವೇಗಕ್ಕೆ ದಿಮ್ಮಿ ಸಾಲದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೋತ್ರೀಶ್ ಎಂಬ ಫ್ರೆಂಚ್ ವಿಜ್ಞಾನಿ ರೂಪಿಸಿದ ವಿಧಾನ ಈಗಲೂ ಬಳಕೆಯಲ್ಲಿದೆ. ವೇಗ ಗೊತ್ತಿರುವ ಡಿಟೋನೇಟಿಂಗ್ ಫ್ಯೂಸ್ ಎಂಬ ಹುರಿಯನ್ನು (ಗಣಿಯವರು ಡಿಎಫ್ ಎನ್ನುತ್ತಾರೆ) ಪರೀಕ್ಷೆಯ ಮದ್ದಿನ ಎರಡು ಜಾಗಗಳಿಗೆ ಜೋಡಿಸಿ, ಅದರ ನಡುಭಾಗವನ್ನು ಸೀಸದ ತಗಡಿನ ಮೇಲೆ ಹಾಯಿಸುತ್ತಾರೆ. ಮದ್ದಿನಲ್ಲಿ ಓಡುವ ಸ್ಫೋಟ ಮೊದಲ ಜಾಗವನ್ನು ಮುಂಚೆ ಮುಟ್ಟುತ್ತದೆ, ಎರಡನೆಯದನ್ನು ತುಸು ತಡವಾಗಿ. ಹುರಿಯ ಎರಡೂ ತುದಿಯಿಂದ ಹೊರಟ ಸ್ಫೋಟಗಳು ಎದುರುಬದುರಾಗಿ ಡಿಕ್ಕಿ ಹೊಡೆದ ಜಾಗದಲ್ಲಿ ಸೀಸದ ಮೇಲೆ ಗಾಯ ಬೀಳುತ್ತದೆ. ಹುರಿಯ ನಡುಬಿಂದುವಿನಿಂದ ಆ ಗಾಯ ಎಷ್ಟು ದೂರ ಎಂದು ಸ್ಕೇಲಿನಲ್ಲಿ ಅಳೆದರೆ ಸಾಕು. ಮದ್ದಿನ ಎರಡು ಜಾಗಗಳ ನಡುವೆ 10 ಸೆಂಟಿಮೀಟರ್, ಗಾಯ 8 ಸೆಂಟಿಮೀಟರ್ ಆಚೆ, ಹುರಿಯ ವೇಗ 6,500 ಮೀಟರ್ ಎಂದಿಟ್ಟುಕೊಳ್ಳಿ. 6,500ನ್ನು 10ರಿಂದ ಗುಣಿಸಿ 16ರಿಂದ ಭಾಗಿಸಿದರೆ ಮದ್ದಿನ ವೇಗ ಸುಮಾರು 4,060 ಮೀಟರ್.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಯಾರೂ ಕೇಳುವುದಿಲ್ಲ. ಹುರಿಯ ವೇಗ 6,500 ಎಂದು ಯಾರು ಹೇಳಿದರು? ಹುರಿ ಮಾರಿದವರು! ಅವರು 7,000 ಎಂದು ಬರೆದಿದ್ದು ನಿಜದ ವೇಗ 6,500 ಆಗಿದ್ದರೆ, ನಮ್ಮ ಮದ್ದಿಗೆ 4,060ರ ಬದಲು 4,375 ಎಂಬ ಉತ್ತರ ಬರುತ್ತದೆ. ಜಾಹೀರಾತಿನ ಒಂದು ಅಂಕಿಯನ್ನು ಪರೀಕ್ಷಿಸಲು ಹೋಗಿ ಇನ್ನೊಂದನ್ನು ಅಳತೆಗೋಲು ಮಾಡಿಕೊಂಡಂತಾಯಿತು. ಹುರಿಯ ವೇಗವನ್ನೂ ಬೇರೆಯಾಗಿ ಅಳೆದ ವರದಿ ಮಾತ್ರ ವಿಶ್ವಾಸಕ್ಕೆ ಅರ್ಹ.

ಕುಳಿಯೊಳಗೇ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಮದ್ದು ತುಂಬುವ ಮೊದಲು ಒಂದು ವಿಶೇಷ ತಂತಿಯನ್ನು ತಳದವರೆಗೆ ಇಳಿಬಿಡುತ್ತಾರೆ. ಸ್ಫೋಟ ಮೇಲೇರಿದಂತೆ, ಊದುಬತ್ತಿ ಉರಿದಷ್ಟೂ ಗಿಡ್ಡವಾಗುವ ಹಾಗೆ, ತಂತಿ ಗಿಡ್ಡವಾಗುತ್ತ ಬರುತ್ತದೆ, ಅದರ ವಿದ್ಯುತ್ ರೋಧವೂ ಇಳಿಯುತ್ತದೆ. ದೂರದಲ್ಲಿಟ್ಟ ಯಂತ್ರ ಆ ಇಳಿತವನ್ನು ಗೆರೆಯಾಗಿ ಬರೆದುಕೊಳ್ಳುತ್ತದೆ. ಗೆರೆಯ ಇಳಿಜಾರೇ ವೇಗ. ಇದರ ಬೆಲೆ ಇರುವುದು ಒಂದು ಸರಾಸರಿ ಅಂಕಿಯ ಬದಲು ಇಡೀ ಕಂಬದ ನಡವಳಿಕೆಯನ್ನು ತೋರಿಸುವುದರಲ್ಲಿ. ಬೂಸ್ಟರ್ ಪಕ್ಕದಲ್ಲಿ ವೇಗ ಹೆಚ್ಚಿರುತ್ತದೆ, ತುಸು ದೂರ ಹೋದ ಮೇಲೆ ಮದ್ದು ತನ್ನ ಸ್ವಂತ ವೇಗಕ್ಕೆ ನೆಲೆಗೊಳ್ಳುತ್ತದೆ. ಬೂಸ್ಟರ್ ಬಳಿಯ ಒಂದಿಷ್ಟನ್ನೇ ಅಳೆದವರಿಗೆ ಮದ್ದು ಭಾರಿ ಚುರುಕೆಂದು ಕಾಣುತ್ತದೆ, ಅಷ್ಟೆ. ಇಂಥ ಅಳತೆಗೆ ಹೊರನಾಡಿಗೆ ಹೋಗಬೇಕಾಗಿಲ್ಲ. 1988ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ಸ್ಥಾಪನೆಯಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ನಮ್ಮ ರಾಜ್ಯದ್ದೇ.

ತಪ್ಪು ಕಲ್ಪನೆ: ವೇಗ ಹೆಚ್ಚಿದ್ದಷ್ಟೂ ಮದ್ದು ಒಳ್ಳೆಯದು

ಹಂಪಿಯಲ್ಲಿ ತಿರುಗಾಡಿದವರು ಗಮನಿಸಿರುತ್ತಾರೆ: ಅಲ್ಲಲ್ಲಿ ಬಂಡೆಗುಂಡುಗಳ ಮೈಮೇಲೆ ಒಂದೇ ಗೆರೆಯಲ್ಲಿ ಚೌಕಾಕಾರದ ಸಣ್ಣ ಗುಳಿಗಳ ಸಾಲು. ವಿಜಯನಗರದ ಕಲ್ಲುಕುಟಿಗರು ಆ ಗುಳಿಗಳಿಗೆ ಬೆಣೆ ಕೂರಿಸಿ, ನಿಧಾನವಾಗಿ ಒತ್ತಡ ಏರಿಸಿ, ಕಣಶಿಲೆಯನ್ನು ನೆಟ್ಟಗೆ ಸೀಳಿದರು. ಕೆಲವು ಬಂಡೆಗಳು ಅರ್ಧ ಸೀಳಿ ಹಾಗೇ ನಿಂತಿವೆ; ಸೀಳಿದ ಮುಖದಲ್ಲಿ ಗುಳಿಗಳ ಅರೆಭಾಗ ಹಲ್ಲಿನ ಸಾಲಿನಂತೆ ಉಳಿದಿರುತ್ತದೆ, ಆಚೀಚೆ ಬಿರುಕಿಲ್ಲ. ಇಂದಿಗೂ ಚಪ್ಪಡಿ, ದಿಮ್ಮಿ ತೆಗೆಯುವ ಕ್ವಾರಿಗಳಲ್ಲಿ ಮದ್ದು ಬೇಕೆಂದಾಗ ಸೆಕೆಂಡಿಗೆ ನೂರಾರು ಮೀಟರ್ ಮಾತ್ರ ಓಡುವ ಕರಿಮದ್ದನ್ನು ಬಳಸುವುದು ಇದೇ ಕಾರಣಕ್ಕೆ. ಐದು ಸಾವಿರ ಮೀಟರಿನ ಮದ್ದು ಇಟ್ಟರೆ ದಿಮ್ಮಿಯ ಒಳಗೆಲ್ಲ ಕೂದಲೆಳೆಯ ಬಿರುಕು, ಪಾಲಿಶ್ ಹಾಕಿದಾಗ ಅದು ಬಯಲಾಗುತ್ತದೆ.

ಅದಿರಿನಲ್ಲೂ ಒಂದೇ ನಿಯಮವಿಲ್ಲ. ಸಂಡೂರಿನ ಬ್ಲೂ ಡಸ್ಟ್ ಎಂಬ ಮೆತ್ತನೆಯ ಅದಿರಿಗೆ ಎಷ್ಟೋ ಕಡೆ ಮದ್ದೇ ಬೇಡ, ಯಂತ್ರದ ಬಕೆಟ್ಟು ಸಾಕು. ಕಬ್ಬಿಣ ಮತ್ತು ಬೆಣಚು ಪಟ್ಟೆಪಟ್ಟೆಯಾಗಿ ಸೇರಿದ ಗಟ್ಟಿ ಬಂಡೆಗೆ ಮಾತ್ರ ಚುರುಕಿನ ಮದ್ದಿನ ಪೆಟ್ಟು ಬೇಕು. ಅಲ್ಲಿ ವೇಗದ ಕೊರತೆ ದುಬಾರಿ, ಏಕೆಂದರೆ ಸ್ಫೋಟದ ಒತ್ತಡ ವೇಗದ ವರ್ಗಕ್ಕೆ ಅನುಗುಣ. ವೇಗ ನೂರಕ್ಕೆ ಹತ್ತು ಇಳಿದರೆ ಒತ್ತಡ ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. ಪತ್ರದ ಅಂಕಿ ನಂಬಿ ಕುಳಿಗಳ ಅಂತರ ಹಿಗ್ಗಿಸಿದವರಿಗೆ ದೊಡ್ಡ ಗುಂಡುಗಳು ಉಳಿಯುತ್ತವೆ, ಅವನ್ನು ಮತ್ತೆ ಒಡೆಯಬೇಕು.

ತಪ್ಪು ಕಲ್ಪನೆ: ಮನೆ ನಡುಗುವುದು ಮದ್ದಿನ ವೇಗದಿಂದ

ಊರವರ ನೋವು ನಿಜ, ಕಾರಣ ಮಾತ್ರ ಬೇರೆ ಕಡೆ ಇದೆ. ನೆಲದ ಕಂಪನವನ್ನು ಅಂದಾಜಿಸುವ ಸೂತ್ರದಲ್ಲಿ ಎರಡು ಸಂಗತಿ ಮುಖ್ಯ: ಎಷ್ಟು ದೂರ, ಮತ್ತು ಒಂದೇ ಗಳಿಗೆಯಲ್ಲಿ ಎಷ್ಟು ಕೆ.ಜಿ. ಮದ್ದು ಸಿಡಿಯಿತು. ಇಡೀ ದಿನದ ಒಟ್ಟು ಮದ್ದಲ್ಲ, ಒಂದು ಡಿಲೇಗೆ, ಅಂದರೆ ಒಂದೇ ಗಳಿಗೆಗೆ, ಬಿದ್ದ ಮದ್ದು. 500 ಮೀಟರ್ ದೂರದಲ್ಲಿ 100 ಕೆ.ಜಿ. ಕೊಡುವ ಕಂಪನವನ್ನೇ 250 ಮೀಟರಿನಲ್ಲಿ 25 ಕೆ.ಜಿ. ಕೊಡುತ್ತದೆ. ಇಪ್ಪತ್ತು ಕುಳಿಗಳನ್ನು ಒಂದಾದ ಮೇಲೊಂದು ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಸುವ ಬದಲು ಒಟ್ಟಿಗೆ ಸಿಡಿಸಿದರೆ, ಸಾಮಾನ್ಯವಾಗಿ ಸಿಗುವ 1.5ರ ಘಾತದ ಲೆಕ್ಕದಲ್ಲಿ ಕಂಪನ ಒಂಬತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಮದ್ದು ಅದೇ, ವೇಗ ಅದೇ.

ಇಲ್ಲೂ ಅಚ್ಚಾದ ಅಂಕಿಯ ಬಲೆ ಇದೆ. ಹಳೆಯ ಬಗೆಯ ಡಿಲೇ ಡಿಟೋನೇಟರ್ ಒಳಗಿನ ಉರಿಯುವ ಮಿಶ್ರಣವನ್ನು ನಂಬಿರುವುದರಿಂದ, ಮೇಲೆ ಬರೆದ ಮಿಲಿಸೆಕೆಂಡಿಗೆ ಸರಿಯಾಗಿ ಸಿಡಿಯದೆ ಆಚೀಚೆ ಆಗುತ್ತದೆ. ಹಾಗಾದಾಗ ಎರಡು ಕುಳಿಗಳು ಜತೆಗೂಡಿ ಸಿಡಿದು ನೆಲದಲ್ಲಿ ಇಮ್ಮಡಿ ಪೆಟ್ಟು ಬೀಳಬಹುದು. ಎಲೆಕ್ಟ್ರಾನಿಕ್ ಡಿಟೋನೇಟರ್ ದುಬಾರಿಯಾದರೂ ಊರ ಪಕ್ಕದ ಗಣಿಗಳಲ್ಲಿ ಅದನ್ನೇ ಬಳಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಇನ್ನೊಂದು ತಿರುವು: ವೇಗ ಕುಸಿದ ಮಂಕು ಮದ್ದೂ ಕಂಪನ ಹೆಚ್ಚಿಸಬಲ್ಲದು. ಮುಂದಿನ ಸಾಲು ಸರಿಯಾಗಿ ಒಡೆದು ಸರಿಯದಿದ್ದರೆ ಹಿಂದಿನ ಸಾಲಿಗೆ ಜಾಗವಿಲ್ಲದೆ ಶಕ್ತಿ ನೆಲಕ್ಕೆ ಇಳಿಯುತ್ತದೆ.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಕಂಪನದ ಮಿತಿಗಳನ್ನು ಗೊತ್ತುಪಡಿಸಿದೆ. ಗಣಿಗೆ ಸೇರದ ವಾಸದ ಮನೆಗಳಿಗೆ ನೆಲದ ಕಣದ ವೇಗ (ಕಂಪನದಲ್ಲಿ ನೆಲ ಅಲುಗುವ ವೇಗ), ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಸೆಕೆಂಡಿಗೆ 5 ಮಿಲಿಮೀಟರ್, 8ರಿಂದ 25 ಇದ್ದರೆ 10, ಅದಕ್ಕೂ ಮೇಲೆ 15. ಐತಿಹಾಸಿಕ ಕಟ್ಟಡಗಳಿಗೆ ಕ್ರಮವಾಗಿ 2, 5 ಮತ್ತು 10. ಸಂಡೂರು ಕುಮಾರಸ್ವಾಮಿ ಬೆಟ್ಟದ ಪಾರ್ವತಿ, ಕುಮಾರಸ್ವಾಮಿ ಗುಡಿಗಳು ಚಾಲುಕ್ಯ, ರಾಷ್ಟ್ರಕೂಟರ ಕಾಲದವು. ಅದಿರಿನ ನಡುವೆಯೇ ನಿಂತಿರುವ ಅಂಥ ಗುಡಿಗಳಿಗೆ ಸಲ್ಲುವುದು ಈ ಎರಡನೆಯ ಸಾಲು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗೆ ಕಡಿಮೆ ಆವರ್ತನದ ತೂಗಾಟವೇ ಹೆಚ್ಚು ಅಪಾಯ. ಅದಕ್ಕೇ 2 ಮಿಲಿಮೀಟರಿನ ಬಿಗಿ.

ಸದ್ದಿನ ವಿಷಯ ಚಿಕ್ಕದು. ಕಿವಿಗಡಚಿಕ್ಕುವ ಶಬ್ದ ಬಂತೆಂದರೆ ಮದ್ದು ಬಲವಾಗಿತ್ತೆಂದಲ್ಲ. ಕುಳಿಯ ಬಾಯಿಗೆ ಮಣ್ಣು ಸಾಲದೆ ಅನಿಲ ಮೇಲಕ್ಕೆ ಉಗುಳಿರುತ್ತದೆ, ಇಲ್ಲವೇ ನೆಲದ ಮೇಲೆ ಹಾಸಿದ ಡಿಎಫ್ ಹುರಿ ಬಯಲಲ್ಲಿ ಸಿಡಿದಿರುತ್ತದೆ. ಬಂಡೆ ಒಡೆಯಬೇಕಾದ ಶಕ್ತಿ ಗಾಳಿಗೆ ಹೋಗಿದೆ.

ತಪ್ಪು ಕಲ್ಪನೆ: ಸಿಡಿತದ ಮೇಲಿನ ಕೆಂಪು ಮೋಡವೆಲ್ಲ ಅದಿರಿನ ದೂಳು

ದೂಳಂತೂ ಇದ್ದೇ ಇದೆ. ಆದರೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಹೊಗೆ ನೈಟ್ರೋಜನ್ ಡೈಆಕ್ಸೈಡ್, ಉಸಿರಿಗೆ ವಿಷ. ಮದ್ದು ಪೂರ್ತಿ ಸಿಡಿಯದೆ ಅರೆಬರೆ ಉರಿದಾಗ ಅದು ಏಳುತ್ತದೆ: ನೀರು ಹೊಕ್ಕಿದೆ, ಮಾಲು ಹಳತಾಗಿದೆ ಅಥವಾ ಮಿಶ್ರಣ ಹದ ತಪ್ಪಿದೆ. ದೂಳು ಗಣಿಯ ಮೇಲೆಯೇ ಬಹುಪಾಲು ಇಳಿಯುತ್ತದೆ, ಈ ಹೊಗೆ ಗಾಳಿ ಬೀಸಿದ ಕಡೆ ತೇಲಿಕೊಂಡು ಹೋಗುತ್ತದೆ. ಪತ್ರದ ವೇಗ ಬಂದಿಲ್ಲವೆಂದು ಯಂತ್ರವಿಲ್ಲದೆ ಬರಿಗಣ್ಣಿಗೆ ಸಿಗುವ ಸುಳಿವುಗಳಲ್ಲಿ ಇದೂ ಒಂದು. ಅದನ್ನು ಕಂಡವರು ದೂರ ಸರಿಯಬೇಕು, ಗಳಿಗೆ ಮತ್ತು ಗಾಳಿಯ ದಿಕ್ಕು ಬರೆದಿಟ್ಟು ಗಣಿಯವರಿಗೆ ತಿಳಿಸಬೇಕು.

ತಪ್ಪು ಕಲ್ಪನೆ: ಗಣಿಯಲ್ಲಿ ಯಂತ್ರ ಇದೆ ಎಂದ ಮೇಲೆ ಅಳತೆ ಆದಂತೆಯೇ

ಯಂತ್ರ ಎಲ್ಲಿ ಕೂತಿದೆ ಎಂಬುದೇ ಪ್ರಶ್ನೆ. ಕಂಪನಮಾಪಕವನ್ನು ಆಫೀಸಿನ ಅಂಗಳದಲ್ಲಿಟ್ಟು ಊರಿನ ಗೋಡೆಗೆ ತೀರ್ಪು ಕೊಡುವಂತಿಲ್ಲ. ಅದು ಮನೆಯದೋ ಗುಡಿಯದೋ ಬುಡದ ಪಕ್ಕದಲ್ಲಿ, ಗಣಿ ಇರುವ ದಿಕ್ಕಿನಲ್ಲಿ, ಸಡಿಲ ಮಣ್ಣಿನ ಮೇಲಲ್ಲದೆ ಗಟ್ಟಿ ನೆಲಕ್ಕೆ ಕಚ್ಚಿಕೊಂಡು ಕೂರಬೇಕು. ಗ್ರಾಮ ಪಂಚಾಯಿತಿಯವರು ಗಣಿಯ ಮ್ಯಾನೇಜರನ್ನು ಕೇಳಬೇಕಾದದ್ದು ಮದ್ದಿನ ಕಂಪನಿಯ ಮಾಹಿತಿಪತ್ರವನ್ನಲ್ಲ. ಆ ದಿನದ ಕುಳಿಯಲ್ಲಿ ತೆಗೆದ ವೇಗದ ಗೆರೆ, ಒಂದೊಂದು ಡಿಲೇಗೆ ಹಾಕಿದ ಮದ್ದಿನ ತೂಕ, ಗೋಡೆಯ ಬುಡದಲ್ಲಿ ದಾಖಲಾದ ಕಣದ ವೇಗ ಮತ್ತು ಆವರ್ತನ ಈ ನಾಲ್ಕನ್ನು ಒಂದೇ ಹಾಳೆಯಲ್ಲಿ, ತಾರೀಖು ಮತ್ತು ಗಳಿಗೆ ಸಮೇತ ಕೇಳಬೇಕು. ಆವರ್ತನ ಬಿಟ್ಟು ಬರೀ ಕಣದ ವೇಗ ಕೊಟ್ಟರೆ ಯಾವ ಮಿತಿ ಅನ್ವಯಿಸುತ್ತದೆಂದೇ ತಿಳಿಯುವುದಿಲ್ಲ. ಅಂಥ ಹಾಳೆಯನ್ನು ವಾಪಸ್ ಕಳಿಸಿ.